‘ನಿನ್ನೆ ಬಾ’: ದೆವ್ವದ ಪತ್ತೇದಾರಿ ಆಟ ಕಟ್ಟಿದ ನನ್ನ ಅನುಭವ

ಐರ್ಲೆಂಡಿನ ಸ್ಪೂಕಿ ಡೋರ್‌ವೇ ತಂಡ 2017ರಲ್ಲಿ ಹೊರತಂದ ‘ದಿ ಡಾರ್ಕ್‌ಸೈಡ್ ಡಿಟೆಕ್ಟಿವ್’ ಎಂಬ ಕಂಪ್ಯೂಟರ್ ಆಟವನ್ನು ಆಡಿ ಮುಗಿಸಿದಾಗ, ಇಂಥದ್ದೊಂದನ್ನು ಕನ್ನಡದಲ್ಲಿ ನಾನೂ ಮಾಡಬಹುದೆನ್ನಿಸಿತು. ಮೆಕ್ವೀನ್ ಎಂಬ ಪತ್ತೇದಾರ, ಡೂಲಿ ಎಂಬ ಪೆದ್ದು ಸಹಾಯಕ, ದಪ್ಪ ಪಿಕ್ಸೆಲ್‌ಗಳ ಚಿತ್ರಗಳು, ಬೆರಳೆಣಿಕೆಯ ದೃಶ್ಯಗಳಲ್ಲಿ ಮುಗಿಯುವ ಪ್ರಕರಣಗಳು. ಚಿತ್ರಕಲೆಯಲ್ಲಿ ಪಳಗದ ಕೈಗೂ ಎಟುಕುವ ಅಳತೆ ಅದು. ಹಾಸ್ಯವೇ ಸುಲಭವೆಂದು ತಿಳಿದಿದ್ದೆ.

ಕಥೆಗೆ ಎಲ್ಲಿಗೂ ಹೋಗಬೇಕಾಗಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಹಲವು ಹಳ್ಳಿಗಳಲ್ಲಿಯೂ ರಾತ್ರಿ ಬಂದು ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಜನ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡದ್ದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ನನ್ನ ಆಟದಲ್ಲಿ ಆ ದೆವ್ವ ಹೇಳಿದ ಮಾತಿಗೆ ತಪ್ಪದೆ ಮೂವತ್ತು ವರ್ಷಗಳಿಂದ ಪ್ರತಿ ರಾತ್ರಿಯೂ ಬರುತ್ತಿದೆ. ಆ ಮನೆಯ ಅಜ್ಜಿ ಪೊಲೀಸ್ ಠಾಣೆಗೆ ಕೊಡುವ ದೂರು ದೆವ್ವದ ಬಗ್ಗೆಯಲ್ಲ, ನಿದ್ದೆಗೇಡಿನ ಬಗ್ಗೆ. ‘ನಾಳೆ ಬಾ’ ಅಳಿಸಿ ‘ನಿನ್ನೆ ಬಾ’ ಎಂದು ಬರೆದರೆ ದೆವ್ವ ಮತ್ತೆಂದೂ ಬರಲಾರದು ಎಂಬುದು ಒಗಟಿನ ಉತ್ತರ.

ಉತ್ತರ ಮೊದಲೇ ಸಿಕ್ಕಿದ್ದರಿಂದ ಅಲ್ಲಿಂದ ಹಿಂದಕ್ಕೆ ನಡೆಯುತ್ತ ಒಗಟುಗಳನ್ನು ಜೋಡಿಸಿದೆ. 1987ರಲ್ಲಿ ‘ಮ್ಯಾನಿಯಾಕ್ ಮ್ಯಾನ್ಷನ್’ ಎಂಬ ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ರಾನ್ ಗಿಲ್ಬರ್ಟ್ ಹೇಳಿಕೊಡುವ ಕ್ರಮವಿದು: ಯಾವ ಕೆಲಸಕ್ಕೆ ಯಾವುದು ಮೊದಲು ಆಗಿರಬೇಕೆಂದು ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುವುದು. ಬರೆಯಲು ಸೀಮೆಸುಣ್ಣ ಬೇಕು, ಅದು ಬೀಗ ಹಾಕಿದ ಶಾಲೆಯಲ್ಲಿದೆ, ಬೀಗದ ಕೈ ಕಿರಾಣಿ ಅಂಗಡಿಯವನ ಬಳಿ ಇದೆ. ಆ ಅಂಗಡಿಯಲ್ಲಿಯೇ ‘ಇಂದು ನಗದು, ನಾಳೆ ಸಾಲ’ ಎಂಬ ಫಲಕ ತೂಗುಹಾಕಿದೆ. ಅದು ‘ನಾಳೆ ಬಾ’ಗೆ ತಕ್ಕ ಜೋಡಿ, ಸುಳಿವೂ ಹೌದು.

ಮೊದಲ ಕರಡಿನಲ್ಲಿ ನನ್ನ ದೆವ್ವ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡುತ್ತಿತ್ತು. ಒಮ್ಮೆ ಗೋಡೆ ದಾಟುತ್ತಿತ್ತು, ಒಮ್ಮೆ ಬೆಕ್ಕಾಗುತ್ತಿತ್ತು. ಆಡಿ ನೋಡಿದ ಗೆಳೆಯ ಅರ್ಧಕ್ಕೇ ಕೈಬಿಟ್ಟು, “ಇದಕ್ಕೆ ಲೆಕ್ಕವೇ ಇಲ್ಲವಲ್ಲೋ” ಎಂದ. ಅತಿಮಾನುಷ ಎಂಬ ನೆಪದಲ್ಲಿ ಏನು ಬೇಕಾದರೂ ನಡೆಯಬಹುದಾದರೆ ಆಟಗಾರ ಊಹಿಸುವುದಕ್ಕೆ ಏನೂ ಉಳಿಯುವುದಿಲ್ಲ. ಆಮೇಲೆ ದೆವ್ವಕ್ಕೆ ಮೂರೇ ನಿಯಮಗಳನ್ನು ಇಟ್ಟೆ: ಅದು ಹೊಸ್ತಿಲು ದಾಟುವುದಿಲ್ಲ, ಅದಕ್ಕೆ ಓದಲು ಬರುತ್ತದೆ, ಓದಿದ್ದನ್ನು ಅಕ್ಷರಶಃ ಪಾಲಿಸುತ್ತದೆ. ಇವನ್ನು ಆಟಗಾರನಿಗೆ ತಿಳಿಸುವ ಹೊಣೆ, ದೂರಿನ ತನಿಖೆಗೆ ಬರುವ ಇನ್ಸ್‌ಪೆಕ್ಟರ್ ಜೊತೆಗಿನ ಪೇದೆಯದು. “ಸಾರ್, ದೆವ್ವಕ್ಕೆ ಓದೋಕೆ ಬರುತ್ತಾ?” ಎಂದು ಅವನು ಕೇಳಿದರೆ ಇನ್ಸ್‌ಪೆಕ್ಟರ್, “ಓದ್ಕೊಂಡೇ ಅಲ್ವೇನ್ರೀ ಇಷ್ಟು ವರ್ಷದಿಂದ ವಾಪಸ್ ಹೋಗ್ತಿರೋದು?” ಎನ್ನುತ್ತಾರೆ.

ನಿಜವಾಗಿ ಬೆವರಿಳಿಸಿದ್ದು ‘ನಿನ್ನೆ’ ಎಂಬ ಒಂದು ಪದ. ನಾನು ಮೊದಲು ಬಳಸಿದ ತಂತ್ರಾಂಶ ಕನ್ನಡದ ಒತ್ತಕ್ಷರಗಳನ್ನು ಕೂಡಿಸುತ್ತಿರಲಿಲ್ಲ. ‘ನಾಳೆ’ ಹೇಗೋ ಓದಿಸಿಕೊಂಡರೆ, ‘ನಿನ್ನೆ’ಯ ನಾವತ್ತು ಕೆಳಗಿಳಿಯದೆ, ಎರಡು ನಕಾರಗಳ ನಡುವೆ ಹಲಂತ ಗುರುತು ಮುಳ್ಳಿನಂತೆ ನಿಂತಿತ್ತು. ಇಡೀ ಆಟದ ಕೀಲಿಯಾದ ಪದವೇ ಮುರಿದಿದ್ದರಿಂದ ಎಲ್ಲವನ್ನೂ ಗೋಡೋ 4 ಎಂಬ ಆಟ ಕಟ್ಟುವ ತಂತ್ರಾಂಶಕ್ಕೆ ಸಾಗಿಸಿದೆ. 2023ರಲ್ಲಿ ಬಂದ ಆ ಆವೃತ್ತಿ ಹಾರ್ಫ್‌ಬಜ್ ಎಂಬ ಲಿಪಿಜೋಡಣೆಯ ತಂತ್ರಾಂಶದ ಮೂಲಕ ಅಕ್ಷರಗಳನ್ನು ಜೋಡಿಸುವುದರಿಂದ ಒತ್ತು ತನ್ನ ಜಾಗಕ್ಕೆ ಬಂದು ಕುಳಿತಿತು. ಆದರೂ 320×180 ಪಿಕ್ಸೆಲ್‌ಗಳ ಪುಟ್ಟ ಪರದೆಯಲ್ಲಿ ಕನ್ನಡದ ಸಾಲಿಗೆ ಎತ್ತರ ಸಾಲದು. ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ಚಿತ್ರಗಳನ್ನಷ್ಟೇ ಆ ಅಳತೆಯಲ್ಲಿ ಬರೆದು ಆರು ಪಟ್ಟು ಹಿಗ್ಗಿಸಿ, ಮಾತುಗಳನ್ನು 1920×1080ರಲ್ಲಿಯೇ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನಲ್ಲಿ ತೋರಿಸಿದೆ. ಶುದ್ಧ ಪಿಕ್ಸೆಲ್ ಪ್ರಿಯರು ಮೂಗು ಮುರಿಯಬಹುದು. ಓದಲಾಗದ ನಗೆಮಾತಿನಿಂದ ಯಾರಿಗೆ ಏನು ಲಾಭ?

ನಗೆ ಇರುವುದು ಸರಿಯುತ್ತರದಲ್ಲಲ್ಲ, ತಪ್ಪು ಪ್ರಯತ್ನಗಳಲ್ಲಿ ಎಂಬುದು ತಡವಾಗಿ ಹೊಳೆಯಿತು. ಆಟಗಾರ ಯಾವ ವಸ್ತುವನ್ನಾದರೂ ಯಾವ ಜಾಗದ ಮೇಲಾದರೂ ಪ್ರಯೋಗಿಸಬಹುದು: ಒಂಬತ್ತು ವಸ್ತುಗಳು, ಕ್ಲಿಕ್ಕಿಸಬಹುದಾದ ಹದಿನಾಲ್ಕು ಜಾಗಗಳು, ಒಟ್ಟು 126 ಜೋಡಿಗಳು; ಅವುಗಳಲ್ಲಿ ಕಥೆ ಮುಂದುವರಿಸುವವು ಹನ್ನೊಂದು ಮಾತ್ರ. ಉಳಿದವುಗಳಿಗೆಲ್ಲ “ಅದು ಆಗುವುದಿಲ್ಲ” ಎಂದು ಬರೆದಿದ್ದೆ. ಆಟಗಾರ ಬಹುಪಾಲು ಹೊತ್ತು ಕೇಳುವುದು ಅದೇ ಸಾಲನ್ನು ಎಂದು ಅರಿವಾದ ಮೇಲೆ ಒಂದೊಂದನ್ನೂ ತಿದ್ದಲು ಕುಳಿತೆ. ಬಾಗಿಲ ಮೇಲೆ ‘ಬರಬೇಡ’ ಎಂದು ಬರೆದರೆ ದೆವ್ವ “ಯಾಕೆ?” ಎಂದು ಕೇಳಲು ಬೆಳಗಿನವರೆಗೂ ಬಾಗಿಲು ತಟ್ಟುತ್ತದೆ, ‘ಮುಂದಿನ ವಾರ ಬಾ’ ಎಂದರೆ ನೆಂಟರಿಷ್ಟರನ್ನು ಕರೆದುಕೊಂಡು ಬರುತ್ತದೆ. ಬರೆಯಲು ಎರಡು ತಿಂಗಳು ಹಿಡಿಯಿತು, ಕೋಡಿಗೆ ಹಿಡಿದದ್ದಕ್ಕಿಂತ ಹೆಚ್ಚು.

ಕೊನೆಯಲ್ಲಿ ಆಡಿ ನೋಡಿದ ಅಕ್ಕನ ಮಗಳು ಸೀಮೆಸುಣ್ಣದ ಗೊಡವೆಗೇ ಹೋಗದೆ, ಅಂಗಡಿಯ ಫಲಕವನ್ನು ಎತ್ತಿಕೊಳ್ಳಲು ಮೇಲಿಂದ ಮೇಲೆ ಕ್ಲಿಕ್ಕಿಸುತ್ತಿದ್ದಳು. ಏಕೆಂದು ಕೇಳಿದೆ. “ಇದನ್ನೇ ಬಾಗಿಲಿಗೆ ನೇತು ಹಾಕಿದ್ರೆ ದೆವ್ವ ಏನು ಮಾಡುತ್ತೆ ಮಾಮ?” ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಸಂಜೆ ಕುಳಿತು ಆ ದೃಶ್ಯವನ್ನೂ ಬರೆದೆ: ಮಧ್ಯರಾತ್ರಿಯ ಜಗಲಿಯಲ್ಲಿ ದೆವ್ವ ಫಲಕವನ್ನು ಎರಡೆರಡು ಬಾರಿ ಓದಿ, ಸೊಂಟದ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತದೆ.