ಲಡಾಖ್‌ಗೆ ಗಾಡಿ ತೆಗೆಯುವ ಮುನ್ನ ರಾತ್ರಿಗಳ ಲೆಕ್ಕ ಹಾಕಿ

ಏಪ್ರಿಲ್ ಬಂತೆಂದರೆ ಸಾಕು, ಯಾರಾದರೊಬ್ಬರು ನನಗೆ ಎಕ್ಸೆಲ್ ಶೀಟ್ ಕಳಿಸುತ್ತಾರೆ. ದಿನ 1 ಮನಾಲಿಯಿಂದ ಸರ್ಚು, ದಿನ 2 ಲೇಹ್, ದಿನ 3 ಪ್ಯಾಂಗಾಂಗ್ ಸರೋವರ, ದಿನ 4 ನುಬ್ರಾ. ಕೆಳಗೆ ಒಂದು ಸಾಲು: 'ಸರಿ ಇದೆಯಾ ನೋಡಿ ಹೇಳಿ ಸರ್.' ಶೀಟಿನಲ್ಲಿ ಕಿಲೋಮೀಟರ್‌ಗೆ ಒಂದು ಕಾಲಂ ಇರುತ್ತದೆ, ಗಂಟೆಗೆ ಒಂದು, ಹೋಟೆಲ್ ಬಾಡಿಗೆಗೆ ಒಂದು. ಊರಿನ ಎತ್ತರಕ್ಕೆ ಮಾತ್ರ ಕಾಲಂ ಇರುವುದಿಲ್ಲ. ನಾನು ಆ ಕಾಲಂ ಸೇರಿಸಿ ವಾಪಸ್ ಕಳಿಸುತ್ತೇನೆ, ಅರ್ಧ ಜನ ಆಮೇಲೆ ಮಾತಾಡುವುದಿಲ್ಲ.

ಬೆಟ್ಟ, ಸರೋವರ, ಬರಿದಾದ ಕಣಿವೆ ನೋಡುತ್ತಾ ಹತ್ತು ಹನ್ನೆರಡು ದಿನ ಗಾಡಿ ಓಡಿಸಬೇಕು ಅಂದರೆ ನಮ್ಮ ದೇಶದಲ್ಲಿ ಲಡಾಖ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೆ ಅದನ್ನು ಊಟಿ ಪ್ರವಾಸದ ಥರ ಪ್ಲಾನ್ ಮಾಡಲು ಹೋಗಿ ಕೆಡಿಸಿಕೊಳ್ಳುವವರೇ ಜಾಸ್ತಿ.

ಒಂದು: ತಿಂಗಳು

ಸೆಪ್ಟೆಂಬರ್‌ನ ಮೊದಲ ಮೂರು ವಾರ. ಮುಗಿಯಿತು. ಜುಲೈ, ಆಗಸ್ಟ್‌ನಲ್ಲಿ ಲಡಾಖ್ ಒಳಗೆ ಮಳೆ ಕಡಿಮೆ, ನಿಜ. ಆದರೆ ಅಲ್ಲಿಗೆ ಹೋಗುವ ಹಿಮಾಚಲದ ದಾರಿಯಲ್ಲಿ ಮಳೆಗಾಲ, ಗುಡ್ಡ ಜರಿಯುವ ಕಾಲ. ಹಿಮದ ಗೋಡೆಗಳ ನಡುವೆ ಗಾಡಿ ಓಡಿಸುವ ಆಸೆ ಇದ್ದರೆ ಜೂನ್‌ನಲ್ಲಿ ಹೋಗಿ, ಟ್ರಾಫಿಕ್ ಜಾಮ್‌ಗೂ ತಯಾರಾಗಿ ಹೋಗಿ.

ಎರಡು: ಯಾವ ಕಡೆಯಿಂದ ಹತ್ತುವುದು

ಲೇಹ್‌ಗೆ ಎರಡು ಮುಖ್ಯ ದಾರಿ. ಒಂದು ಶ್ರೀನಗರದಿಂದ, ಇನ್ನೊಂದು ಮನಾಲಿಯಿಂದ. ಎರಡೂ ಹೆಚ್ಚುಕಮ್ಮಿ 420-430 ಕಿ.ಮೀ. ಆದ್ದರಿಂದ ಯಾವುದಾದರೇನು ಅಂತ ಜನ ಅಂದುಕೊಳ್ಳುತ್ತಾರೆ. ಶ್ರೀನಗರದಿಂದ ಹತ್ತಿ, ಮನಾಲಿ ಕಡೆ ಇಳಿಯಿರಿ. ಉಲ್ಟಾ ಮಾಡಬೇಡಿ. ಯಾಕೆ ಅನ್ನುವುದೇ ಈ ಲೇಖನದ ಮುಖ್ಯ ವಿಷಯ, ಸ್ವಲ್ಪ ತಾಳ್ಮೆಯಿಂದ ಓದಿ.

ಮೂರು: ಎಲ್ಲಿ ಮಲಗುತ್ತೀರಿ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಲೇಹ್ 11,500 ಅಡಿ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು. ಪ್ಯಾಂಗಾಂಗ್ ದಂಡೆ ಸುಮಾರು 14,000 ಅಡಿ, ಅಲ್ಲಿ ಶೇ 60ರ ಆಸುಪಾಸು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದರದೇ ವೇಗದಲ್ಲಿ. ಹಗಲು ಎತ್ತರದ ಕಣಿವೆದಾರಿ (ಬೆಟ್ಟಸಾಲು ದಾಟುವ ಪಾಸ್) ದಾಟಿ ಒಂದು ಗಂಟೆಯಲ್ಲಿ ಇಳಿದುಬಿಟ್ಟರೆ ದೇಹ ಸಹಿಸಿಕೊಳ್ಳುತ್ತದೆ. ಸಹಿಸದೇ ಇರುವುದು ರಾತ್ರಿ ಇಡೀ ಅಲ್ಲೇ ಮಲಗುವುದನ್ನು. ಅದಕ್ಕೇ ಲೆಕ್ಕ ಹಾಕಬೇಕಾದದ್ದು ಮಲಗುವ ಜಾಗದ ಎತ್ತರ.

ವೈದ್ಯರು ಹೇಳುವ ಸೂತ್ರ ಸರಳ. 10,000 ಅಡಿ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್, ಅಂದರೆ ಸುಮಾರು 1,600 ಅಡಿಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು.

ಈಗ ಮನಾಲಿ ದಾರಿ ನೋಡಿ. ಮನಾಲಿ ಸುಮಾರು 6,700 ಅಡಿ. ಲೇಹ್ ದಾರಿಯ ನಡುವೆ ಟೆಂಟಿನಲ್ಲಿ ರಾತ್ರಿ ತಂಗುವ ಜಾಗ ಸರ್ಚು 14,000. 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಣಿವೆದಾರಿ ಹತ್ತಿ ಇಳಿಯುವ ಗೋಳು ತಪ್ಪಿತು, ಬೆಳಿಗ್ಗೆ ತಿಂಡಿ ತಿಂದು ಹೊರಟರೂ ಸಂಜೆಗೆ ಸರ್ಚುವಿನ ಟೆಂಟಿನಲ್ಲಿರಬಹುದು. ಒಂದೇ ಹಗಲಲ್ಲಿ 7,000 ಅಡಿಗೂ ಮೇಲೆ! ರಸ್ತೆ ಚೆನ್ನಾದಷ್ಟೂ ಎತ್ತರದ ಕಾಯಿಲೆ ಬೇಗ ಸಿಗುತ್ತದೆ ಅನ್ನುವ ವಿಚಿತ್ರ ಇಲ್ಲಿದೆ.

ನಮ್ಮ ಭಾವ ಹೀಗೇ ಪ್ರಯಾಣ ಮಾಡಿದವರು, ನಾನೂ ಜೊತೆಗಿದ್ದೆ. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡುವ ಮನುಷ್ಯ, 'ನನಗೇನಾಗತ್ತೆ' ಅಂತ. ಫಿಟ್ ಆಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಓಡುವವರು ಮೇಲೆ ಹೋಗಿಯೂ ಸುಮ್ನೆ ಕೂರುವುದಿಲ್ಲವಾದ್ದರಿಂದ ಇನ್ನೂ ಕಷ್ಟ. ರಾತ್ರಿ ಹನ್ನೊಂದಕ್ಕೆ ತಲೆನೋವು, ಒಂದಕ್ಕೆ ವಾಂತಿ. ಇಂಥ ಹೊತ್ತಲ್ಲಿ ಮಾಡಬೇಕಾದದ್ದು ಕೆಳಗೆ ಇಳಿಯುವುದು. ಸರ್ಚುವಿನಲ್ಲಿ ಅದೇ ಕಷ್ಟ. ಹಿಂದೆ 16,000 ಅಡಿಯ ಬಾರಾಲಾಚಾ ಲಾ, ಮುಂದೆ ಲಾಚುಂಗ್ ಲಾ, ಎರಡೂ ಎತ್ತರದ ಕಣಿವೆದಾರಿಗಳು. ಇಳಿಯಬೇಕಾದರೆ ಮೊದಲು ಹತ್ತಬೇಕು! ಬೆಳಕು ಹರಿಯುವವರೆಗೆ ಕೂತಿದ್ದು, ಬಾರಾಲಾಚಾ ದಾಟಿ ಕೀಲಾಂಗ್‌ಗೆ ಇಳಿಸಿದ ಮೇಲೆ ಮಧ್ಯಾಹ್ನ ಮೂರಕ್ಕೆ 'ಅನ್ನ ಇದೆಯಾ' ಅಂತ ಕೇಳಿದರು. ಅವರಿಗೆ ಆ ಪ್ಯಾಕೇಜ್ ಮಾರಿದ ಟ್ರಾವೆಲ್ಸ್‌ನವರು ಎತ್ತರದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, 'ಡಿನ್ನರ್ ವಿತ್ ಬಾನ್‌ಫೈರ್' ಬಗ್ಗೆ ಮಾತ್ರ ಎರಡು ಸಾಲು ಬರೆದಿದ್ದರು.

ಶ್ರೀನಗರದ ದಾರಿ ಹೀಗಲ್ಲ. ಶ್ರೀನಗರ 5,200 ಅಡಿ, ಸೋನಾಮಾರ್ಗ್ ಸುಮಾರು 9,000. ಮರುದಿನ ಜೋಜಿ ಲಾ ಹತ್ತಿ, ದ್ರಾಸ್ ದಾಟಿ, ಮತ್ತೆ ಕೆಳಗೆ ಕಾರ್ಗಿಲ್‌ಗೆ ಬಂದರೆ 8,800. ಅದರ ಮರುದಿನ ಫೋಟು ಲಾದಲ್ಲಿ 13,500 ಅಡಿ ಮುಟ್ಟಿ, ಲಾಮಯೂರು ಮಠ ನೋಡಿಕೊಂಡು, ಲೇಹ್‌ಗೆ ಇಳಿಯುತ್ತೀರಿ. ಹಗಲು ಎತ್ತರ, ರಾತ್ರಿ ತಗ್ಗು. ದಾರಿಯೇ ನಿಮ್ಮನ್ನು ತಯಾರು ಮಾಡುತ್ತದೆ.

(ಅಂದಹಾಗೆ, 'ಲಾ' ಅಂದರೇನೇ ಕಣಿವೆದಾರಿ, 'ತ್ಸೋ' ಅಂದರೆ ಸರೋವರ. 'ಜೋಜಿ ಲಾ ಪಾಸ್' ಅನ್ನುವುದು ನಡುಮಧ್ಯ ಅಂದಂತೆ.)

ಲೇಹ್‌ನಲ್ಲಿ ಎರಡು ರಾತ್ರಿ ಕಡ್ಡಾಯ. ಮೊದಲ ದಿನ ಏನೂ ಮಾಡಬೇಡಿ. ಶಾಂತಿ ಸ್ತೂಪದ ಮೆಟ್ಟಿಲು ಕೂಡ ಬೇಡ. ವಿಮಾನದಲ್ಲಿ ಇಳಿದು ಅಲ್ಲಿಂದ ಗಾಡಿ ಹಿಡಿಯುವವರು 48 ಗಂಟೆ ಪೂರ್ತಿ ವಿಶ್ರಾಂತಿ ತಗೊಳ್ಳಿ, ಮೂರು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು.

ಅಲ್ಲಿಂದ ಮುಂದೆ ಎಲ್ಲರೂ ಪ್ಯಾಂಗಾಂಗ್‌ಗೆ ಓಡುತ್ತಾರೆ. ತಪ್ಪು. ಮೊದಲು ನುಬ್ರಾ. ಖರ್ದುಂಗ್ ಲಾ ದಾಟುತ್ತೀರಿ, ಅದು 17,582 ಅಡಿ (ಅಲ್ಲಿ ವರ್ಷಾನುಗಟ್ಟಲೆ ಇದ್ದ ಬೋರ್ಡು 18,380 ಅಂತ ಸುಳ್ಳು ಹೇಳುತ್ತಿತ್ತು, ಅದರ ಮುಂದೆ ಫೋಟೊ ತೆಗೆಸಿಕೊಂಡವರು ಬೇಜಾರು ಮಾಡಿಕೊಳ್ಳಬೇಡಿ). ಹದಿನೈದು ನಿಮಿಷಕ್ಕಿಂತ ಜಾಸ್ತಿ ಅಲ್ಲಿ ನಿಲ್ಲಬೇಡಿ. ಇಳಿದು ನುಬ್ರಾದ ಹುಂಡರ್ ಹಳ್ಳಿಗೆ ಬಂದರೆ ಸುಮಾರು 10,300 ಅಡಿ, ಲೇಹ್‌ಗಿಂತಲೂ ತಗ್ಗು. ಎರಡು ರಾತ್ರಿ ಅಲ್ಲಿ ಮಲಗಿ. ಆಮೇಲೆ ಶ್ಯೋಕ್ ನದಿಯ ದಾರಿ ಹಿಡಿದು ಪ್ಯಾಂಗಾಂಗ್.

ಹುಂಡರ್‌ನಿಂದ ಪ್ಯಾಂಗಾಂಗ್ ಅಂದರೆ ಸುಮಾರು 3,700 ಅಡಿ ಜಿಗಿತ, ಮೇಲಿನ ಸೂತ್ರ ಮುರಿಯುತ್ತದೆ. ಅಷ್ಟು ಹೊತ್ತಿಗೆ ದೊಡ್ಡ ಕಣಿವೆದಾರಿ ದಾಟಿ ನಾಲ್ಕು ರಾತ್ರಿ ಕಳೆದಿರುವುದರಿಂದ ಹೆಚ್ಚಿನವರಿಗೆ ಸಣ್ಣ ತಲೆನೋವಿನಲ್ಲೇ ಮುಗಿಯುತ್ತದೆ. ಆದರೆ ಜೊತೆಗೆ ಚಿಕ್ಕ ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ಸರೋವರದ ಹತ್ತಿರ ಮಲಗುವ ಹಠ ಬಿಡಿ. ಸುಮಾರು ಒಂದು ಗಂಟೆ ಹಿಂದೆ ತಾಂಗ್ತ್ಸೆ ಅನ್ನುವ ಹಳ್ಳಿ ಇದೆ, ಸಾವಿರ ಅಡಿ ತಗ್ಗು. ಅಲ್ಲಿ ಮಲಗಿ, ಬೆಳಿಗ್ಗೆ ಹೋಗಿ ನೋಡಿ. ಪ್ಯಾಂಗಾಂಗ್ ನೀಲಿ ಕಾಣುವುದು ಬಿಸಿಲು ನೆತ್ತಿಗೆ ಬಂದಾಗ. ಕತ್ತಲಲ್ಲಿ ಟೆಂಟಿನೊಳಗೆ ಮೂರು ರಜಾಯಿ ಹೊದ್ದು ನಡುಗುವಾಗ ಯಾವ ಬಣ್ಣವೂ ಕಾಣುವುದಿಲ್ಲ.

ದಂಡೆಯಲ್ಲೇ ಉಳಿಯುವುದಾದರೆ ಸ್ಪಾಂಗ್ಮಿಕ್‌ನ ಟೆಂಟ್ ಸಾಲು ಬಿಟ್ಟು ಮಾನ್ ಅಥವಾ ಮೆರಾಕ್ ಹಳ್ಳಿಯ ಮನೆಗಳಲ್ಲಿ ಉಳಿಯಿರಿ. ಮಣ್ಣಿನ ಗೋಡೆ ಟೆಂಟಿಗಿಂತ ಬೆಚ್ಚಗೆ.

ಕೊನೆಗೆ ತ್ಸೋ ಮೊರಿರಿ. ಅದರ ದಂಡೆಯ ಕರ್ಜೋಕ್ ಹಳ್ಳಿ ಸುಮಾರು 15,000 ಅಡಿ. ನನ್ನನ್ನು ಕೇಳಿದರೆ ಪ್ಯಾಂಗಾಂಗ್‌ಗಿಂತ ಇದೇ ಚೆಂದ, ನೀರಿಗೆ ಕಾರು ಇಳಿಸಿ ರೀಲ್ಸ್ ಮಾಡುವವರೂ ಇಲ್ಲಿ ಕಡಿಮೆ. ಎತ್ತರ ಜಾಸ್ತಿ ಇರುವುದರಿಂದಲೇ ಇದು ಪಟ್ಟಿಯ ಕೊನೆಗೆ ಬರಬೇಕು. ಇಲ್ಲಿಂದ ಲೇಹ್‌ಗೆ ವಾಪಸ್ ಹೋಗುವ ಅಗತ್ಯವಿಲ್ಲ. ತ್ಸೋ ಕಾರ್ ಉಪ್ಪಿನ ಸರೋವರದ ಪಕ್ಕದಲ್ಲಿ ಹಾದು (ಕಾಡುಕತ್ತೆಯಂಥ ಕಿಯಾಂಗ್‌ಗಳು ಇಲ್ಲಿ ಕಂಡೇ ಕಾಣುತ್ತವೆ) ದೆಬ್ರಿಂಗ್ ಹತ್ತಿರ ಮನಾಲಿ ರಸ್ತೆ ಸೇರಿಕೊಳ್ಳಬಹುದು. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆಗೆ ಜಿಸ್ಪಾ, ಅದು 10,500 ಅಡಿ. ಸುಸ್ತಾದರೆ ಸರ್ಚುವಿನಲ್ಲೇ ಮಲಗಿ, ಈಗ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅದೇ ಟೆಂಟು, ಅದೇ ಎತ್ತರ, ಆದರೆ ನಿಮ್ಮ ರಕ್ತ ಬೇರೆ.

ಒಟ್ಟು ರಾತ್ರಿ: ಶ್ರೀನಗರ 1, ಸೋನಾಮಾರ್ಗ್ 1, ಕಾರ್ಗಿಲ್ 1, ಲೇಹ್ 2, ಹುಂಡರ್ 2, ಪ್ಯಾಂಗಾಂಗ್ 1, ಕರ್ಜೋಕ್ 1, ಜಿಸ್ಪಾ 1, ಮನಾಲಿ 1. ಹನ್ನೊಂದಾಯಿತು. ಇದಕ್ಕೆ ಒಂದು ಖಾಲಿ ದಿನ ಸೇರಿಸಿ. ಅದಕ್ಕೆ ಯಾವ ಊರನ್ನೂ ತುಂಬಬೇಡಿ, ದಾರಿ ಮುಚ್ಚಿದಾಗ ಅದು ತಾನೇ ತುಂಬಿಕೊಳ್ಳುತ್ತದೆ. 'ಅಷ್ಟು ರಜೆ ಇಲ್ಲ' ಅನ್ನುವವರು ಪ್ಯಾಂಗಾಂಗ್, ತ್ಸೋ ಮೊರಿರಿ ಎರಡರಲ್ಲಿ ಒಂದನ್ನು ಬಿಡಿ. ಲೇಹ್‌ನ ರಾತ್ರಿಗಳನ್ನು ಮಾತ್ರ ಕತ್ತರಿಸಬೇಡಿ. ಎಲ್ಲರೂ ಮೊದಲು ಕತ್ತರಿಸುವುದು ಅದನ್ನೇ.

ಮಧ್ಯೆ ಒಂದು ಮಾತು: ಔಷಧಿ ಮತ್ತು ಔಷಧಿಯಲ್ಲದ್ದು

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಅಲರ್ಜಿ ಇದ್ದವರು ಅದನ್ನು ಮರೆಯದೆ ಹೇಳಬೇಕು. ತೆಗೆದುಕೊಂಡರೆ ಬೆರಳು ಜುಮ್ಮೆನ್ನುತ್ತದೆ, ಮೂತ್ರಕ್ಕೆ ಜಾಸ್ತಿ ಹೋಗುತ್ತದೆ, ಗಾಬರಿ ಬೇಡ.

ಸ್ಪ್ರೇ ಡಬ್ಬಿಯಂಥ ಆಕ್ಸಿಜನ್ ಕ್ಯಾನ್ ಕೊಳ್ಳಬೇಡಿ, ಕೆಲವೇ ನಿಮಿಷದಲ್ಲಿ ಖಾಲಿ. ಟ್ಯಾಕ್ಸಿಯವರು ಕೊಡುವ ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನ್ನಿಸುತ್ತದೆ ಅಷ್ಟೇ, ಆಮ್ಲಜನಕವೇನೂ ಜಾಸ್ತಿ ಒಳಗೆ ಹೋಗುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇರಲಿ, ಆದರೆ ಕೈ ತಣ್ಣಗಿದ್ದಾಗ ಅದು ಏನೇನೋ ತೋರಿಸುತ್ತದೆ, ಇಡೀ ಗುಂಪು ನಂಬರ್ ನೋಡಿ ನೋಡಿಯೇ ಕಾಯಿಲೆ ಬರಿಸಿಕೊಳ್ಳುತ್ತದೆ. ಮೊದಲ ಕೆಲವು ರಾತ್ರಿ ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ.

ಮನುಷ್ಯನನ್ನೇ ನೋಡಿ. ಬರೀ ತಲೆನೋವಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ನೆ ಕೂತಾಗಲೂ ಏದುಸಿರು, ನಿಲ್ಲದ ಕೆಮ್ಮು, ಮಾತು ತೊದಲುವುದು, ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಲಾಗದೆ ವಾಲುವುದು, ಇದರಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ನೋಡದೆ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ. ಸರ್ಚುವಿನಲ್ಲಿ ಭಾವನ ಜೊತೆ ನಾವು ಆ ರಾತ್ರಿ ಕಾದೆವು, ಅದು ತಪ್ಪು, ಬಚಾವಾದದ್ದು ಅದೃಷ್ಟ. ಲೇಹ್ ಹತ್ತಿರವಿದ್ದರೆ ಅಲ್ಲಿನ ಎಸ್‌ಎನ್‌ಎಂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾಲ್ಕು: ಕಾಗದ, ಫೋನು, ದುಡ್ಡು

2021ರ ಆಗಸ್ಟ್‌ನಿಂದ ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ (ಗಡಿ ಹತ್ತಿರದ ಜಾಗಗಳಿಗೆ ಹೋಗುವ ಪರವಾನಗಿ) ಬೇಕಿಲ್ಲ, ಆದರೆ ಪರಿಸರ ಶುಲ್ಕ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಪ್ಯಾಂಗಾಂಗ್‌ನಿಂದ ಚುಶೂಲ್, ನ್ಯೋಮಾ ಮೇಲೆ ತ್ಸೋ ಮೊರಿರಿಗೆ ಹೋಗುವುದು ಗಡಿಯ ಪಕ್ಕದ ದಾರಿ, ತೆರೆದಿದೆಯಾ ಅಂತ ಲೇಹ್‌ನಲ್ಲಿ ಇರುವಾಗಲೇ ಕೇಳಿಕೊಳ್ಳಿ. ಇಲ್ಲವಾದರೆ ಚಾಂಗ್ ಲಾ ದಾಟಿ ಕಾರುಗೆ ವಾಪಸ್ ಬಂದು (ಊರಿನ ಹೆಸರೇ ಕಾರು) ಚುಮಾಥಾಂಗ್ ಬಿಸಿನೀರ ಬುಗ್ಗೆಯ ದಾರಿ ಹಿಡಿಯಬೇಕು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ನೋಟು ಇಟ್ಟುಕೊಳ್ಳಿ. ಶ್ರೀನಗರ ಅಥವಾ ಮನಾಲಿಯಲ್ಲಿ ಬಾಡಿಗೆಗೆ ತೆಗೆದ ಬೈಕನ್ನು ನುಬ್ರಾ, ಪ್ಯಾಂಗಾಂಗ್‌ಗೆ ಒಯ್ಯಲು ಲೇಹ್‌ನ ಸಂಘಗಳು ಬಿಡುವುದಿಲ್ಲ, ಸ್ವಂತ ಗಾಡಿಗೆ ಈ ತಕರಾರಿಲ್ಲ.

ಐದು: ಇಂಧನ ಮತ್ತು ನೀರು

ಕೀಲಾಂಗ್ ಬಳಿಯ ತಾಂಡಿ ಬಂಕಿನಲ್ಲಿ 'ಮುಂದಿನ ಬಂಕ್ 365 ಕಿ.ಮೀ.' ಅನ್ನುವ ಬೋರ್ಡು ಎಲ್ಲರ ಫೋಟೊದಲ್ಲೂ ಇದೆ. ನಮ್ಮ ಪ್ಲಾನಿನಲ್ಲಿ ಲೆಕ್ಕ ಇನ್ನೂ ದೊಡ್ಡದು. ಲೇಹ್ ಅಥವಾ ಕಾರು ಬಿಟ್ಟ ಮೇಲೆ ಎರಡು ಸರೋವರ ನೋಡಿಕೊಂಡು ತಾಂಡಿ ಮುಟ್ಟುವವರೆಗೆ ಬಂಕೇ ಇಲ್ಲ ಅಂದುಕೊಂಡು ತುಂಬಿಸಿ. ನುಬ್ರಾ ಸುತ್ತಿ ಹೋಗುವವರು ದಿಸ್ಕಿತ್‌ನಲ್ಲಿ ಟ್ಯಾಂಕ್ ತುಂಬಿಸಬಹುದು, ಆದರೆ ಕ್ಯಾನ್ ಲೇಹ್‌ನಿಂದಲೇ ಜೊತೆಗಿರಲಿ. ಕ್ಯಾನ್ ಕಬ್ಬಿಣದ್ದಿರಲಿ, ಪೂರ್ತಿ ಕಂಠದವರೆಗೆ ತುಂಬಬೇಡಿ, ಎತ್ತರದಲ್ಲಿ ಉಬ್ಬುತ್ತದೆ. ಮುಚ್ಚಳದ ವಾಷರ್ ಸರಿ ಇಲ್ಲದ ಅಗ್ಗದ ಕ್ಯಾನ್ ತಂದು ಮೂರು ದಿನ ಪೆಟ್ರೋಲ್ ವಾಸನೆಯಲ್ಲಿ ಪ್ರಯಾಣ ಮಾಡಿದ್ದೇನೆ, ಅದರ ತಲೆನೋವೂ ಎತ್ತರದ ತಲೆನೋವೂ ಬೇರೆ ಬೇರೆ ಗೊತ್ತಾಗುವುದಿಲ್ಲ.

ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆ ದಾಟಿ. ಹಿಮ ಹಗಲಲ್ಲಿ ಕರಗುತ್ತದೆ, ಮಧ್ಯಾಹ್ನದ ಮೇಲೆ ಅದೇ ನಾಲಾದಲ್ಲಿ ನೀರು ಏರಿರುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆ ಬೈಕಿನ ಸೈಲೆನ್ಸರ್ ಮಟ್ಟಕ್ಕೆ ಬಂದಿರುತ್ತದೆ. ಬೆಳಿಗ್ಗೆ ಐದಕ್ಕೆ ಹೊರಡಿ ಅಂದದ್ದು ಅದಕ್ಕೇ.

ಆರು: ಓಡಿಸುವುದು

ಎಂಜಿನ್‌ಗೂ ಗಾಳಿ ಕಡಿಮೆ, ಎಳೆಯುವುದಿಲ್ಲ. ಅದು ರಿಪೇರಿ ಅಲ್ಲ, ಗೇರ್ ಇಳಿಸಿ ನಿಧಾನ ಹತ್ತಿ. ಇಳಿಜಾರಿನಲ್ಲೂ ಅದೇ ಕೆಳಗಿನ ಗೇರ್, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಕಾದು ಕೈಕೊಡುತ್ತದೆ. ಎತ್ತರದಲ್ಲಿ ಚಿಪ್ಸ್ ಪೊಟ್ಟಣ ಉಬ್ಬಿದ ಹಾಗೆ ಟೈರಿನ ಒತ್ತಡವೂ ಮೀಟರಿನಲ್ಲಿ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಮೇಲೆಲ್ಲೋ ಗಾಳಿ ಇಳಿಸಿದ್ದರೆ, ಮನಾಲಿ ಮುಟ್ಟುವ ಹೊತ್ತಿಗೆ ಟೈರು ಮೆತ್ತಗಾಗಿರುತ್ತದೆ. ಅಲ್ಲಿಂದ ಮುಂದೆ ಹೆದ್ದಾರಿಯಲ್ಲಿ ವೇಗ ಹಿಡಿಯುವ ಮೊದಲು ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ ನಾಲ್ಕಕ್ಕೂ ಗಾಳಿ ಹಿಡಿಸಿ, ಸ್ಟೆಪ್ನಿಗೂ.