ಕಿರ್ದಿ ಪುಸ್ತಕದಲ್ಲಿ ಬರೆದ ಪ್ರಾರ್ಥನೆ

ಮೊದಲೇ ಹೇಳಿಬಿಡುತ್ತೇನೆ, ಇದು ಚರ್ಚಿನ ಸಭೆಯಲ್ಲಿ ಎದ್ದು ನಿಂತು, ದೇವರು ನನಗೆ ಹೀಗೆ ಮಾಡಿದ ಅಂತ ಹೇಳುವಂಥ ಸಾಕ್ಷಿ ಅಲ್ಲ. ಸಾಕ್ಷಿ ಅಂದಮೇಲೆ ಕೊನೆಗೆ ಸಾಲ ತೀರಬೇಕು, ಎಲ್ಲರೂ ಸ್ತೋತ್ರ ಅನ್ನಬೇಕು, ಅಲ್ವಾ? ನನ್ನ ಸಾಲ ಇನ್ನೂ ಒಂದೂಮುಕ್ಕಾಲು ಲಕ್ಷದಷ್ಟು ಇದೆ. ಆದರೆ ಮೂರು ವರ್ಷ ಬಾರದ ನಿದ್ದೆ ಈಗ ಬರುತ್ತದೆ. ಹೇಗಾಯಿತು ಅಂತ ನಾಲ್ಕು ಜನ ಕೇಳಿದರು. ಅವರಲ್ಲಿ ಮೂವರು ಮೊದಲು ನಕ್ಕವರೇ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಲೋಹ ಕಡೆಯುವ ಎರಡು ಲೇಥ್ ಇರುವ ಸಣ್ಣ ಶೆಡ್. ಬೇರೆಯವರ ಆರ್ಡರಿನ ಜಾಬ್‌ವರ್ಕ್ ಮಾಡುತ್ತೇನೆ. ಪಕ್ಕದ ಶೆಡ್‌ನವನೂ ನಾನೂ ಒಟ್ಟಿಗೆ ಐಟಿಐ ಕಲಿತವರು. ಅವನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಶೀನ್ ತಂದ ಮೇಲೆ ನನಗೊಂದು ರೋಗ ಹತ್ತಿತು. ಬೆಳಿಗ್ಗೆ ಶಟರ್ ಎತ್ತುವ ಮೊದಲು ಅವನ ಬಾಗಿಲಲ್ಲಿ ಎಷ್ಟು ಟೆಂಪೋ ನಿಂತಿವೆ ಅಂತ ಎಣಿಸುತ್ತಿದ್ದೆ. ಆಮೇಲೇ ಪ್ರಾರ್ಥನೆ.

ನಾನೂ ಅಂಥದೊಂದು ಮಶೀನ್ ತಂದೆ. ಸೆಕೆಂಡ್ ಹ್ಯಾಂಡ್, ಒಂಬತ್ತೋ ಒಂಬತ್ತೂವರೆಯೋ ಲಕ್ಷ. ಧೈರ್ಯಕ್ಕೆ ಬೈಬಲಿನ ಫಿಲಿಪ್ಪಿ 4:13 ಇತ್ತು. ಬಲಪಡಿಸುವಾತನು ಇರುವಾಗ ಎಲ್ಲಕ್ಕೂ ಶಕ್ತ ಅಂತ ಸ್ಟಿಕರ್ ಮಾಡಿಸಿ ಮಶೀನಿನ ಬಾಗಿಲಿಗೇ ಅಂಟಿಸಿದ್ದೆ. ಹದಿನಾಲ್ಕು ತಿಂಗಳಿಗೆ ಸ್ಪಿಂಡಲ್ ಹೋಯಿತು. ರಿಪೇರಿ ಮಾಡಿಸುವಷ್ಟರಲ್ಲಿ ಆರ್ಡರ್ ಕೊಡುತ್ತಿದ್ದ ದೊಡ್ಡ ಪಾರ್ಟಿ ಕೈಬಿಟ್ಟಿತು. ನಾಲ್ಕೂಕಾಲು ಲಕ್ಷಕ್ಕೆ ಮಾರಿದೆ. ಬ್ಯಾಂಕಿನದು, ಕೈಗಡ ಎಲ್ಲ ಸೇರಿ ಮೂರೂವರೆ ಲಕ್ಷ ತಲೆಯ ಮೇಲೆ ಉಳಿಯಿತು. ಸ್ಟಿಕರ್ ಕಿತ್ತು ಬರಲಿಲ್ಲ, ಮಶೀನಿನ ಜೊತೆಗೇ ಹೋಯಿತು.

ಅದರ ಹಿಂದಿನ 11 ಮತ್ತು 12ನೇ ವಚನ ನೂರು ಸಲ ಓದಿದ್ದೆ. ಹಸಿದಿರುವುದೂ ಗೊತ್ತು, ಹೊಟ್ಟೆ ತುಂಬಿರುವುದೂ ಗೊತ್ತು, ಯಾವ ಸ್ಥಿತಿಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಅಂತ ಅಪೊಸ್ತಲ ಪೌಲ ಸೆರೆಮನೆಯಲ್ಲಿ ಕೂತು ಬರೆದದ್ದು. ಆ ‘ಎಲ್ಲಕ್ಕೂ’ ಬರುವುದು ಅದರ ಬೆನ್ನಿಗೆ. ನಾನು ಅದನ್ನು ಒಯ್ದು ಮಶೀನಿಗೆ ಅಂಟಿಸಿದ್ದೆ. ಇನ್ನೊಂದು ಮಾತು ಆಮೇಲೆ ಕಣ್ಣಿಗೆ ಬಿತ್ತು. ಪೌಲ ‘ಕಲಿತಿದ್ದೇನೆ’ ಅನ್ನುತ್ತಾನೆ. ಡೇರೆ ಮಾಡುವ ಕಸುಬಿನವನು ಅವನು. ಕಲಿಯುವುದು ಅಂದರೆ ಎಷ್ಟು ಮಾಲು ಕೆಡುತ್ತದೆ ಅಂತ ಅವನಿಗೆ ಗೊತ್ತಿರಲೇಬೇಕು.

ನಾನೂ ಸಾಕಷ್ಟು ಕೆಡಿಸಿದೆ. ಶುಕ್ರವಾರದ ಉಪವಾಸ ಎರಡು ತಿಂಗಳು ನಡೆಯಿತು. ಮಧ್ಯಾಹ್ನ ಮೂರಕ್ಕೆ ಪಿತ್ತ ಏರಿ ಹೆಲ್ಪರ್ ಹುಡುಗನಿಗೆ ಬೈಯುತ್ತಿದ್ದೆ. ಅವನೇ ಒಂದು ದಿನ, “ಮಾಲಕ್ರ, ಶುಕ್ರವಾರ ನಾ ರಜಾ ತಗೊಳ್ಲೇನ್ರಿ?” ಅಂದ. ಉಪವಾಸ ಅಲ್ಲಿಗೇ ನಿಂತಿತು. ದಿನಕ್ಕೆ ಹತ್ತು ಕೃತಜ್ಞತೆ ಬರೆಯುವುದೂ ಮಾಡಿದೆ. ಮೂರನೇ ವಾರಕ್ಕೆ ಗಾಳಿ, ನೀರು, ಬೆಳಕು, ಮಕ್ಕಳ ಕಾಪಿ ಪುಸ್ತಕದ ಹಾಗೆ. ಒಂದು ತಿಂಗಳು ವಾಟ್ಸಾಪ್ ಸ್ಟೇಟಸ್ ನೋಡಲಿಲ್ಲ. ಇದು ಸ್ವಲ್ಪ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆದರೆ ಪಕ್ಕದ ಶೆಡ್ಡಿಗೆ ಸ್ಟೇಟಸ್ ಬೇಕೇ? ಕಿಟಕಿ ಸಾಕು.

ಕೊನೆಗೆ ಹಿಡಿದದ್ದು ಮನ್ನದ ಕತೆ, ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರದ್ದು. ವಿಮೋಚನಕಾಂಡ 16. ಒಬ್ಬೊಬ್ಬರಿಗೆ ಒಂದು ಓಮೆರ್ ಅಳತೆ, ಆ ದಿನದ್ದು ಆ ದಿನಕ್ಕೆ. ನಾಳೆಗೆ ಅಂತ ಇಟ್ಟದ್ದು ಹುಳ ಬಿದ್ದು ನಾರಿತು. ನನ್ನ ತಲೆಯಲ್ಲಿ ಮುಂದಿನ ಮೂರು ವರ್ಷದ ಕಂತುಗಳು ಒಟ್ಟಿಗೆ ನಾರುತ್ತಿದ್ದವು. ದಿನದ ಜಮಾ-ಖರ್ಚು ಬರೆಯುವ ಹಳೆಯ ಕಿರ್ದಿ ಪುಸ್ತಕ ತೆಗೆದೆ. ಕಂತು ಒಂಬತ್ತು ಸಾವಿರದ ಚಿಲ್ಲರೆ. ಕೆಲಸದ ದಿನ 26. ದಿನಕ್ಕೆ ಮುನ್ನೂರೈವತ್ತು. ಮನೆಗೆ, ಹುಡುಗನ ಪಗಾರಕ್ಕೆ, ಕರೆಂಟಿಗೆ, ಕಾಣಿಕೆಗೆ ಹೀಗೇ ದಿನದ ಪಾಲು. ಎಡಗಡೆ ‘ಇವತ್ತಿಗೆ ಬೇಕಾದದ್ದು’. ರಾತ್ರಿ ಬಲಗಡೆ ‘ಬಂದದ್ದು’. ಬೆಳಿಗ್ಗೆ ಎಡಗಡೆಯ ಮೊತ್ತ ಮುಂದಿಟ್ಟುಕೊಂಡು ಅಷ್ಟಕ್ಕೇ ಪ್ರಾರ್ಥನೆ.

ಹೆಂಡತಿ ನೋಡಿ, “ಪ್ರಾರ್ಥನಿ ಅಂದ್ರ ಕಿರ್ದಿ ಬರಿಯೂದೇನ್ರಿ?” ಅಂದಳು. ಸಭೆಯ ಹಿರಿಯರೊಬ್ಬರು ಇನ್ನೂ ಜೋರು. “ತಮ್ಮಾ, 1820ಕ್ಕ ಈ ಊರಿಗೆ ಲಂಡನ್ ಮಿಷನ್ ಬಂತು. ಇನ್ನೂರು ವರ್ಷದಾಗ ಯಾರಿಗೂ ಹೊಳೀದ್ದು ನಿನಗ ಹೊಳೀತೇನು?” ಹೊಸದೇನೂ ಇಲ್ಲ ಕಾಕಾ, ಅನುದಿನದ ಆಹಾರವನ್ನು ಈ ಹೊತ್ತು ಕೊಡು ಅಂತ ವಾರಾ ವಾರಾ ನೀವೇ ಹೇಳಿಸುತ್ತೀರಲ್ಲ ಅಂದೆ. ಅವರು ನಕ್ಕು ಸುಮ್ಮನಾದರು.

ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ನಾನು ದೇವರಿಗೆ ಲೆಕ್ಕ ಹಚ್ಚುತ್ತಿದ್ದೆ. ಬಲಗಡೆ ತುಂಬಿದರೆ ಖುಷಿ, ಕಡಿಮೆಯಾದರೆ ಸಿಟ್ಟು. ಆಮೇಲೆ ಒಂದು ಜುಲೈ ಮಧ್ಯಾಹ್ನ. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಕರೆಂಟ್ ಹೋಗಿ ಎರಡು ತಾಸಾಗಿತ್ತು. ಲೇಥಿನಲ್ಲಿ ತುಂಡು ಹಿಡಿಯುವ ಚಕ್‌ನಲ್ಲಿ ಅರ್ಧ ತಿರುಗಿಸಿದ ಶಾಫ್ಟ್ ಹಾಗೇ ಕೂತಿತ್ತು. ಕೂಲಂಟಿನ ಖಾಲಿ ಡಬ್ಬಿ ಮಗುಚಿ ಹಾಕಿ ಕೂತು ಪುಸ್ತಕ ತಿರುವಿದೆ. ನೂರೈವತ್ತು ದಿನದ ಆಸುಪಾಸು. ಬಲಗಡೆ ಪೂರ್ತಿ ಸೊನ್ನೆ ಇದ್ದದ್ದು ಹನ್ನೊಂದು ದಿನ. ಅದರಲ್ಲಿ ಒಂದು ಸೊನ್ನೆಯ ಪಕ್ಕ ನನ್ನದೇ ಅಕ್ಷರ: ‘ರಾತ್ರಿ ರೊಟ್ಟಿ, ಶೇಂಗಾ ಚಟ್ನಿ. ಮಗಳು ಕೀರ್ತನೆ 23 ಬಾಯಿಪಾಠ ಒಪ್ಪಿಸಿದಳು. ದೇವರು ಇದ್ದ.’ ಅದನ್ನು ಬರೆದದ್ದು ನೆನಪೇ ಇರಲಿಲ್ಲ. ತುಂಬಿದ ದಿನಗಳ ಪಕ್ಕ ಎಲ್ಲೂ ಹಾಗೆ ಬರೆದಿರಲಿಲ್ಲ. ದುಡ್ಡು ಬಂದ ದಿನ ಮೊತ್ತ ಕೂಡಿಸಿ ಮಲಗಿದ್ದೆ, ಅಷ್ಟೇ. ಡಬ್ಬಿಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಕರೆಂಟ್ ಬಂದಾಗ ಹುಡುಗನೇ ಎಬ್ಬಿಸಿದ.

ಅವತ್ತಿನಿಂದ ಬಲಗಡೆ ಎರಡು ಸಾಲು. ಮೇಲೆ ರೂಪಾಯಿ. ಕೆಳಗೆ, ಇವತ್ತು ದೇವರು ನನಗೆ ಏನಾಗಿದ್ದ ಅಂತ. ಒಂದೇ ಸಾಲು, ಜಾಸ್ತಿ ಬರೆದರೆ ಪ್ರಸಂಗ ಆಗುತ್ತದೆ. ಕೆಳಗಿನ ಸಾಲು ಖಾಲಿ ಬಿಟ್ಟು ಮಲಗುವ ಹಾಗಿಲ್ಲ. ರೂಪಾಯಿ ಸಾಲು ಖಾಲಿ ಇದ್ದರೂ ನಡೆಯುತ್ತದೆ. ಪ್ರವಾದಿ ಹಬಕ್ಕೂಕನ 3ನೇ ಅಧ್ಯಾಯದ ಕೊನೆಯನ್ನೂ ನನ್ನ ಶೆಡ್ಡಿಗೆ ಹೊಂದಿಸಿಕೊಂಡೆ. ಅವನದು ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುವೆ ಅಂತ. ನನ್ನದು ಚಕ್ ಖಾಲಿ ಇದ್ದರೂ, ಬಿಲ್ ಪಾಸಾಗದಿದ್ದರೂ. ಉದ್ದ ಶಾಫ್ಟಿಗೆ, ಟೂಲ್ ತಾನೇ ಸರಿಯುವ ಆಟೋ ಫೀಡ್ ಹಾಕಿದರೆ ನಾಲ್ಕು ನಿಮಿಷ ಕೈ ಖಾಲಿ, ಆಗ ಹೇಳಿಕೊಳ್ಳುತ್ತೇನೆ. ಒಮ್ಮೆ ಮೈಮರೆತು ಟೂಲ್ ಚಕ್‌ಗೆ ಬಡಿಯಿತು. ಟೂಲಿನ ತುದಿಯ ಇನ್ಸರ್ಟ್ ಹೋಯಿತು, ಇನ್ನೂರು ರೂಪಾಯಿ ಚಿಲ್ಲರೆ. ಅದನ್ನೂ ಬರೆದಿದ್ದೇನೆ.

ಇನ್ನೊಂದು ಪ್ರಯೋಗ ಪಕ್ಕದವನ ಮೇಲೆ. ನನ್ನಿಂದ ಹೋದ ಪಾರ್ಟಿ ಅವನ ಹತ್ತಿರವೇ ಹೋಗಿತ್ತು. ಆ ಆರ್ಡರ್ ಅವನಿಗೆ ಚೆನ್ನಾಗಿ ನಡೆಯಲಿ, ಒಂದು ಪೀಸೂ ರಿಜೆಕ್ಟ್ ಆಗದಿರಲಿ ಅಂತ ಹೆಸರು ಹಿಡಿದು ಪ್ರಾರ್ಥಿಸಿದೆ. ಮೊದಲ ಮೂರು ವಾರ ಹಲ್ಲು ಕಡಿದುಕೊಂಡು. ಆಮೇಲೆ ಒಂದು ದಿನ ಅವನ ಟೆಂಪೋ ಎಣಿಸಲು ಮರೆತಿದ್ದೆ. ಮರೆತದ್ದು ಗೊತ್ತಾದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ.

ಶನಿವಾರ ಪಗಾರ ಕೊಟ್ಟ ಮೇಲೆ ನಾನೂ ಹೆಂಡತಿಯೂ ಮಾಡುವುದು ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಡುತ್ತದೆ. ಬೇಕಾದವರು ಶೆಡ್ಡಿಗೆ ಬನ್ನಿ, ಚಹಾ ಕುಡಿಯುತ್ತ ಹೇಳುತ್ತೇನೆ.

ಈಗಲೂ ಮಾರ್ಚ್ ಬಂದರೆ ಪುಸ್ತಕ ಎಡವುತ್ತದೆ. ವರ್ಷದ ಲೆಕ್ಕ, ತೆರಿಗೆ, ಮಗಳ ಫೀ ಎಲ್ಲ ಒಂದೇ ತಿಂಗಳು. ಮೊನ್ನೆ ಮಾರ್ಚಿನಲ್ಲಿ ನಾಲ್ಕು ದಿನ ಬರೆಯಲೇ ಇಲ್ಲ. ಐದನೇ ದಿನ ಪಕ್ಕದವನು ಕುಂದಾದ ಡಬ್ಬಿ ಹಿಡಿದು ಬಂದ, ಇನ್ನೊಂದು ಮಶೀನ್ ತಂದನಂತೆ. ಎರಡು ಚಮಚ ತಿಂದೆ. ಮೂರನೆಯದಕ್ಕೆ ಕೈ ಹಾಕಿದಾಗ ಹೆಂಡತಿ ಡಬ್ಬಿ ಎತ್ತಿಟ್ಟಳು, ಶುಗರ್ ಅಂಚಿನಲ್ಲಿದೆ ನನಗೆ. ರಾತ್ರಿ ಕೆಳಗಿನ ಸಾಲಿನಲ್ಲಿ ಏನು ಬರೆದೆ ಅಂತ ಅವಳು ಕೇಳಿದಳು. ತೋರಿಸಿದೆ. ಈಗ ಅವಳೂ ಒಂದು ಕಿರ್ದಿ ತರಿಸಿಕೊಂಡಿದ್ದಾಳೆ, ನನ್ನದಕ್ಕಿಂತ ದಪ್ಪದ್ದು.