ಕೆಮಿಕಲ್ ಇಂಜಿನಿಯರಿಂಗ್ ಸೀಟು: ದುಡ್ಡಿನ ಲೆಕ್ಕ ಹಾಕುವುದು ಹೇಗೆ?

ಸಿಇಟಿ ಆಪ್ಷನ್ ಎಂಟ್ರಿ (ಕಾಲೇಜು, ಬ್ರಾಂಚ್ ಆಯ್ಕೆ) ಶುರುವಾದರೆ ಸಾಕು, ನಮ್ಮ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆಯ ಸೈಬರ್ ಸೆಂಟರ್‌ಗಳಲ್ಲಿ ಈ ಮಾತು ಕೇಳುತ್ತದೆ: ‘ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಕೆಮಿಕಲ್ ಹಾಕಿಬಿಡೋಣ, ಸಂಬಳ ಚೆನ್ನಾಗಿದೆಯಂತೆ.’ ಸಂಬಳ ಎಷ್ಟು, ಸಾಲದ ಕಂತು ಎಷ್ಟು ಅಂತ ಯಾರೂ ಒಂದೇ ಹಾಳೆಯಲ್ಲಿ ಬರೆದು ನೋಡುವುದಿಲ್ಲ. ಪೆನ್ನು, ಮೊಬೈಲ್ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತರೆ ಒಂದು ಸಂಜೆಯ ಕೆಲಸ.

ಹಂತ 1: ಓದು ಎಂಥದ್ದು ಅಂತ ತಿಳಿದುಕೊಳ್ಳಿ. ಪಿಯುಸಿ ಕೆಮಿಸ್ಟ್ರಿಯಲ್ಲಿ ಒಳ್ಳೆ ಅಂಕ ಬಂದಿದೆ ಅನ್ನುವುದು ಕಾರಣವೇ ಅಲ್ಲ. ಇಲ್ಲಿರುವುದು ಪಂಪು, ಪೈಪು, ಶಾಖ, ಆವಿ, ಜೊತೆಗೆ ರಾಶಿ ಗಣಿತ. ನಮ್ಮ ಕಾಫಿಯಿಂದ ಇನ್‌ಸ್ಟೆಂಟ್ ಪುಡಿ ಮಾಡುವಾಗ ಡಿಕಾಕ್ಷನ್ ಇಳಿಸಿ, ನೀರು ಆವಿಯಾಗಿಸಿ ಗಟ್ಟಿ ಮಾಡಿ, ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರಲ್ಲ, ಆ ಕೆಲಸ ಇವರದ್ದು.

ಹಂತ 2: ಖರ್ಚು ಬರೆಯಿರಿ. ಫೀಸು, ಹಾಸ್ಟೆಲ್, ಮೆಸ್, ಪುಸ್ತಕ, ಬಸ್ಸು. ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಲ್ಲಿ ಈ ಬ್ರಾಂಚ್ ಇಲ್ಲ. ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು, ಹಾಗಾಗಿ ಹಾಸ್ಟೆಲ್ ತಪ್ಪಿದ್ದಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಕೋಟಾ (ಕಡಿಮೆ ಆದಾಯದವರಿಗೆ ಇಟ್ಟ ಹೆಚ್ಚುವರಿ ಸೀಟು) ನೋಡಿ, ಬೋಧನಾ ಶುಲ್ಕ ಉಳಿಯುತ್ತದೆ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೆಮಿಕಲ್ ಬೇಡವೇ ಬೇಡ. ‘ಸೀಟು ಕೊಡಿಸ್ತೀವಿ’ ಅನ್ನುವ ಏಜೆಂಟರ ಫೋನ್ ಎತ್ತಲೇಬೇಡಿ.

ಹಂತ 3: ಸಾಲ. ಎಡವುವುದೆಲ್ಲ ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಅಡಮಾನ. ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಆಸ್ತಿ ಕೇಳುತ್ತಾರೆ. ‘ತೋಟ ಇದೆಯಲ್ಲ’ ಅಂತ ಧೈರ್ಯವಾಗಿ ಹೋಗುತ್ತೀರಿ. ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನು) ಆರ್‌ಟಿಸಿಯಲ್ಲಿ ಹಳೇ ಪಟ್ಟೇದಾರರ ಹೆಸರು, ಇಡೀ ಕುಟುಂಬದ ಹೆಸರು. ಮ್ಯಾನೇಜರ್ ಕಾಗದ ತಿರುವಿ ಹಾಕಿ ವಾಪಸ್ ಕೊಡುತ್ತಾರೆ. ಅದಕ್ಕೇ ಸಾಲವನ್ನು 7.5 ಲಕ್ಷದ ಕೆಳಗೇ ಇಡಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

ಎರಡನೆಯದು ಬಡ್ಡಿ. ‘ಕೆಲಸ ಸಿಕ್ಕ ಮೇಲೆ ಕಟ್ಟಿದರಾಯ್ತು’ ಅನ್ನುವುದು ಅರ್ಧ ಸತ್ಯ. ಕಂತು ಆಮೇಲೆ, ಬಡ್ಡಿ ಮಾತ್ರ ದುಡ್ಡು ಬಿಡುಗಡೆಯಾದ ದಿನದಿಂದಲೇ. ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ, ಬಡ್ಡಿ ಶೇ 10 ಅಂದುಕೊಳ್ಳಿ. ಓದಿನ ನಾಲ್ಕು ವರ್ಷ, ಮೇಲೊಂದು ವರ್ಷ ವಿನಾಯಿತಿ. ಅಷ್ಟರಲ್ಲಿ ಸರಳ ಬಡ್ಡಿಯೇ 2.1 ಲಕ್ಷ ಆಗಿರುತ್ತದೆ. ಕಂತು ಶುರುವಾಗುವುದು 8.1 ಲಕ್ಷದ ಮೇಲೆ: ಹತ್ತು ವರ್ಷ, ತಿಂಗಳಿಗೆ ಸುಮಾರು 10,700 ರೂಪಾಯಿ.

ಓದುವಾಗಲೇ ಬಡ್ಡಿಯಷ್ಟನ್ನೇ ಕಟ್ಟಿಕೊಂಡು ಬಂದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಹೀಗೇ ಏರಿ ಕೊನೆಗೆ 5,000. ಆಮೇಲಿನ ಕಂತು 7,930ರ ಹತ್ತಿರ ನಿಲ್ಲುತ್ತದೆ. ಒಟ್ಟಾರೆ 1.2 ಲಕ್ಷಕ್ಕೂ ಜಾಸ್ತಿ ಉಳಿತಾಯ. ತೋಟದವರಿಗೆ ತಿಂಗಳ ವರಮಾನ ಇಲ್ಲ ನಿಜ. ಫೀಸು ಕೇಳುವುದು ಆಟಿ ಮಳೆಯಲ್ಲಿ, ಕೈಗೆ ದುಡ್ಡು ಬರುವುದು ಕುಯ್ಲು ಮುಗಿದ ಮೇಲೆ. ಕಾಫಿ ಮಾರಿದ ವಾರವೇ ಇಡೀ ವರ್ಷದ ಬಡ್ಡಿ ಕಟ್ಟಿಬಿಡಿ. ಈಚೆಗೆ ಕಾಫಿಗೆ ಬಂದ ರೇಟು ನಾಲ್ಕು ವರ್ಷವೂ ಇರುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಹಂತ 4: ಕೈಗೆ ಬರುವ ಸಂಬಳ. ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಅತಿ ಹೆಚ್ಚು ಪ್ಯಾಕೇಜ್. ಅದು ಒಬ್ಬರಿಗೆ ಬಂದದ್ದು. ಸರಾಸರಿಯನ್ನೂ ನಂಬಬೇಡಿ, ನಾಲ್ಕು ದೊಡ್ಡ ಆಫರ್ ಇದ್ದರೆ ಅದೂ ಉಬ್ಬುತ್ತದೆ. ಎಲ್ಲರ ಸಂಬಳವನ್ನು ಸಾಲಾಗಿಟ್ಟರೆ ನಟ್ಟನಡುವೆ ಎಷ್ಟಿದೆ ಅಂತ ಕೇಳಿ. ಕೆಮಿಕಲ್ ಬ್ರಾಂಚ್‌ನದ್ದೇ ಬೇಕು, ಇಡೀ ಕಾಲೇಜಿನದ್ದಲ್ಲ. ಅದರಲ್ಲಿ ಎಷ್ಟು ಮಂದಿ ಸಾಫ್ಟ್‌ವೇರ್ ಕಂಪನಿಗೆ ಹೋದರು ಅನ್ನುವುದನ್ನೂ ಕೇಳಿ.

ವರ್ಷಕ್ಕೆ 4.2 ಲಕ್ಷದ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 35 ಸಾವಿರ ಅಲ್ಲ. ಮೂಲ ವೇತನ ಅದರ ಅರ್ಧ ಅಂತಿಟ್ಟುಕೊಳ್ಳಿ. ಕಂಪನಿ ಪಾಲಿನ ಪಿಎಫ್ 2,100, ನಿಮ್ಮ ಪಾಲು 2,100, ಗ್ರಾಚ್ಯುಟಿ 840, ವೃತ್ತಿ ತೆರಿಗೆ 200. ಶೇ 10ರಷ್ಟು ‘ವೇರಿಯಬಲ್’ (ಕೆಲಸ ನೋಡಿ ಆಮೇಲೆ ಕೊಡುವ ಪಾಲು) ಅಂತ ತಡೆದಿಟ್ಟರೆ ಕೈಗೆ ಬರುವುದು 26 ಸಾವಿರ ಚಿಲ್ಲರೆ. ರೂಮು, ಊಟಕ್ಕೆ 12 ಸಾವಿರ, ಕಂತು 10,700. ಉಳಿದದ್ದರಲ್ಲಿ ಊರಿಗೆ ಬರುವ ಟಿಕೆಟ್ ಆದರೆ ಪುಣ್ಯ.

ಕಂತು ಕೈಸಂಬಳದ ಮೂರನೇ ಒಂದು ಭಾಗ ದಾಟಬಾರದು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯೇ ಇಲ್ಲ.

ಹಂತ 5: ಕೆಲಸ ಎಲ್ಲಿ? ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್, ನಂಜನಗೂಡಿನ ಔಷಧ ಕಾರ್ಖಾನೆಗಳು ಹತ್ತಿರದವು. ಜಾಸ್ತಿ ಇರುವುದು ಗುಜರಾತಿನ ದಹೇಜ್, ಅಂಕಲೇಶ್ವರ, ಜಾಮ್‌ನಗರದ ಕಡೆ. ಪ್ಲಾಂಟ್ ದಿನದ 24 ಗಂಟೆ ಓಡುತ್ತದೆ, ರಾತ್ರಿ ಪಾಳಿ ಇದ್ದದ್ದೇ. ಪುತ್ತರಿ ಹಬ್ಬಕ್ಕೆ ರಜೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಇದನ್ನು ಸೀಟು ತೆಗೆದುಕೊಳ್ಳುವ ಮೊದಲೇ ಮಗನ ಹತ್ತಿರ, ಮಗಳ ಹತ್ತಿರ ಕೂತು ಮಾತಾಡಿ. ಪ್ಲಾಂಟ್ ಬೇಡ, ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆಯೇ ಕೂರ್ತೀನಿ ಅಂದರೆ ಈ ಬ್ರಾಂಚ್ ಸುಮ್ನೆ ದಂಡ.

ಗೇಟ್ (ಇಂಜಿನಿಯರಿಂಗ್ ಓದಿದವರಿಗೆ ಇರುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆದು ಸರ್ಕಾರಿ ತೈಲ ಕಂಪನಿ ಸೇರಿದವರ ಸಂಬಳ ನಿಜಕ್ಕೂ ಒಳ್ಳೆಯದು. ಆದರೆ ಹುದ್ದೆ ಕಡಿಮೆ, ಬರೆಯುವವರು ಜಾಸ್ತಿ. ಹಾಳೆಯಲ್ಲಿ ಆ ಸಂಬಳ ಬರೆಯಬೇಡಿ. ಮೊದಲ ವರ್ಷದಲ್ಲೇ ದುಬಾರಿ ಕೋಚಿಂಗ್ ಪ್ಯಾಕೇಜ್ ಮಾರಲು ಬಂದರೆ ವಾಪಸ್ ಕಳಿಸಿ, ಮೂರನೇ ವರ್ಷದಲ್ಲಿ ಶುರು ಮಾಡಿದರೆ ಸಾಕು.

ಲೆಕ್ಕ ಕೂಡಿ ಬರಲಿಲ್ಲವೇ? ಮಡಿಕೇರಿಯಲ್ಲೇ ಬಿ.ಎಸ್ಸಿ. ಓದಿ ಮುಂದೆ ಎಂ.ಎಸ್ಸಿ. ಮಾಡುವ ದಾರಿಯನ್ನೂ ಅದೇ ಹಾಳೆಯ ಪಕ್ಕದಲ್ಲಿ ಬರೆದು ನೋಡಿ. ಸೀಟು ಬಿಡುವುದಾದರೆ ಕೊನೆಯ ಸುತ್ತಿಗೆ ಮುಂಚೆಯೇ ಬಿಡಿ. ಆಮೇಲೆ ರದ್ದು ಮಾಡಿದರೆ ಸಿಇಟಿ ನಡೆಸುವ ಕೆಇಎಗೆ (ಪರೀಕ್ಷಾ ಪ್ರಾಧಿಕಾರ) ದಂಡ ಕಟ್ಟಬೇಕಾಗುತ್ತದೆ.